ಮೋಡಗುಡ್ಡದ ಮಠದಲ್ಲಿ ಮದುವೆಯಿಲ್ಲ

ಮೋಡಗುಡ್ಡ ಯಾವ ಭೂಪಟದಲ್ಲೂ ಇಲ್ಲ. ಆದರೂ ಅದರ ದಾರಿ ನನಗೆ ಬ್ಯಾಡಗಿ ಸ್ಟೇಷನ್ನಿನ ದಾರಿಗಿಂತ ಚೆನ್ನಾಗಿ ಗೊತ್ತು. ಮೊದಲು ಮಾತಾಡುವ ಹುಣಸೆಮರ ಸಿಗುತ್ತದೆ, ಅದರ ಮುಂದೆ ಸುಳ್ಳು ಹೇಳಬಾರದು. ಆಮೇಲೆ ನೀರಿಲ್ಲದ ಹೊಳೆ; ನೀರಿಲ್ಲದಿದ್ದರೂ ದಾಟುವಾಗ ಸೀರೆ ಒದ್ದೆಯಾಗುತ್ತದೆ. ಹೊಳೆಯಾಚೆ ಗುಡ್ಡ, ಗುಡ್ಡದ ಮೇಲೆ ಮಠ, ಮಠದ ತುಂಬ ಮಂತ್ರವಾದಿ ಹೆಂಗಸರು. ಗಾಳಿಯನ್ನು ಹೆಸರು ಹಿಡಿದು ಕರೆಯುವವರು, ಹಕ್ಕಿಯಾಗಿ ಹಾರುವವರು, ಬತ್ತಿದ ಬಾವಿಗೆ ನೀರು ಬರಿಸುವವರು. ಅಲ್ಲಿನ ಕಟ್ಟಳೆಗಳಲ್ಲಿ ದೊಡ್ಡದು ಒಂದೇ. ಅಲ್ಲಿದ್ದವರು ಮದುವೆಯಾಗುವಂತಿಲ್ಲ. ಮಂತ್ರ ನಾಲಿಗೆಯ ಕೆಳಗೆ ಅಡಕೆ ಹೋಳಿನ ಹಾಗೆ ಕೂತಿರುತ್ತದಂತೆ. ತಲೆಯ ಮೇಲೆ ಅಕ್ಷತೆ ಬಿತ್ತೋ, ಕರಗಿ ಹೋಯಿತು.

ಈ ಮಠ ಕಟ್ಟಿದವಳು ನನ್ನ ಗಂಡನ ಅಕ್ಕ. ಎದುರಿಗೆ ನಾನು ‘ಅಕ್ಕಾರ’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಅಕ್ಕ, ಅವಳು. ಎಂಬತ್ತರ ದಶಕದ ನಡುವಿನಲ್ಲಿ ನಾನು ರಾಣೆಬೆನ್ನೂರಿನಿಂದ ಮದುವೆಯಾಗಿ ಬ್ಯಾಡಗಿಗೆ ಬಂದಾಗ ಅವಳಿಗೆ ಮೂವತ್ತು ದಾಟಿತ್ತು. ಹಿಂದೊಮ್ಮೆ ಹಾವೇರಿಯ ಒಂದು ಮನೆಯವರು ನಿಶ್ಚಯ ಮಾಡಿಕೊಂಡು, ಸೀರೆಯನ್ನೂ ಉಡಿಸಿ ಹೋಗಿ, ಆಮೇಲೆ ಹುಡುಗ ಒಲ್ಲೆ ಅಂದನೆಂದು ಹೇಳಿ ಕಳಿಸಿದ್ದರಂತೆ. ಅಷ್ಟರಲ್ಲಿ ಮಾವನವರು ತೀರಿಕೊಂಡರು. ತಮ್ಮನ ಓದು, ಅಂಗಡಿ, ಅದು ಇದು ಎಂದು ವರ್ಷಗಳು ಹೋದವು, ಯಾರೂ ಮತ್ತೆ ಆ ಮಾತು ಎತ್ತಲಿಲ್ಲ. ಮನೆಗೆ ಬಂದವರು ಕೇಳಿದರೆ ಅತ್ತೆ, “ಆಕಿಗೆ ಮದುವ್ಯಾಗ ಮನಸಿಲ್ರಿ” ಅನ್ನುತ್ತಿದ್ದರು. ಹೇಳಿ ಹೇಳಿ ಅವರೇ ಅದನ್ನು ನಂಬಿಬಿಟ್ಟಿದ್ದರು.

ನಮ್ಮದು ಮೆಣಸಿನಕಾಯಿಯ ದಲಾಲಿ ಅಂಗಡಿ. ಸುಗ್ಗಿ ಶುರುವಾದರೆ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕೆಂಪು ರಾಶಿ ಬೀಳುತ್ತಿತ್ತು. ಓಣಿಯ ಹೆಂಗಸರು ಸೆರಗನ್ನು ಮೂಗಿಗೆ ಬಿಗಿದುಕೊಂಡು ಸುತ್ತ ಕೂತು ತೊಟ್ಟು ಮುರಿಯುವರು. ಅವರನ್ನು ನೋಡಿಕೊಳ್ಳುವ ಕೆಲಸ ಅಕ್ಕನದು. ಬೇರೆ ಕಡೆ ಮೇಲ್ವಿಚಾರಣೆಯೆಂದರೆ ಬೈಗುಳ. ನಮ್ಮ ಚಪ್ಪರದಲ್ಲಿ ಮೋಡಗುಡ್ಡ. ಮಧ್ಯಾಹ್ನದ ರೊಟ್ಟಿ ಉಂಡಾದ ಮೇಲೆ ಅವಳು ಕತೆ ಎತ್ತಿದಳೆಂದರೆ ಸೂರ್ಯ ಇಳಿಯುವವರೆಗೆ ಒಬ್ಬಳೂ ಎದ್ದು ಹೋಗುತ್ತಿರಲಿಲ್ಲ. ನಾನು ಹೊಸ ಸೊಸೆ, ಒಳಗೆ ನೂರೆಂಟು ಕೆಲಸ; ಆದರೂ ಅಡಿಗೆಮನೆ ಬಿಟ್ಟು ಓಡಿಬಂದು ರಾಶಿಯ ಮುಂದೆ ಕೂರುತ್ತಿದ್ದೆ. ಕೈ ಉರಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಆ ಉರಿಯನ್ನು ಲೆಕ್ಕಕ್ಕೆ ತೆಗೆದುಕೊಂಡವರಿಲ್ಲ.

ಕತೆ ಕೇಳುವವರು ‘ಹೂಂ’ ಅನ್ನಬೇಕು, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಹೂಂ ಬರದಿದ್ದರೆ ಹೇಳುವವರು ಮುಂದೆ ಹೋಗುವುದಿಲ್ಲ. ಅಕ್ಕ ಇದನ್ನು ಇನ್ನೂ ಗಟ್ಟಿ ಮಾಡಿದ್ದಳು. ಅವಳೊಂದು ಮಾತು ಹೇಳಿ ನಿಲ್ಲಿಸುವಳು. ಎಲ್ಲರೂ ಹೂಂ ಅಂದರೆ ಅದು ಮೋಡಗುಡ್ಡದಲ್ಲಿ ಆದಂತೆ, ಯಾರೂ ಅನ್ನದಿದ್ದರೆ ಆಗಲಿಲ್ಲವೆಂದೇ ಲೆಕ್ಕ, ಅವಳು ಆ ಮಾತು ಅಳಿಸಿ ಬೇರೆ ಹೇಳಬೇಕು. ಹೀಗಾಗಿ ಆ ಮಠದ ಕಟ್ಟಳೆಗಳನ್ನೆಲ್ಲ ಮಾಡಿದವರು ಮೆಣಸಿನಕಾಯಿಯ ಮುಂದೆ ಸೀನುತ್ತ ಕೂತ ಹೆಂಗಸರೇ. ಗಂಡನ ಮನೆಯಲ್ಲಿ ಬೇಸತ್ತವಳು ತಾಳಿಯನ್ನು ಹುಣಸೆಮರಕ್ಕೆ ಕಟ್ಟಿ ಮಠ ಸೇರಬಹುದು ಎಂದದ್ದು ಅವರು. ಬರುವಾಗ ಹೆಣ್ಣುಮಕ್ಕಳನ್ನು ಕರೆತರಬಹುದು, ಗಂಡುಕೂಸನ್ನು ಹಲ್ಲು ಬರುವ ತನಕ ಇಟ್ಟುಕೊಳ್ಳಬಹುದು ಎಂದದ್ದೂ ಅವರೇ. ಈ ಗಂಡುಕೂಸಿನ ಕಟ್ಟಳೆಯ ಮೇಲೆ ಜಗಳವಾಗಿ ಇಬ್ಬರು ಮಾತು ಬಿಟ್ಟಿದ್ದರು.

ಹೊಳೆಯ ಈಚೆ ಗಂಡಸರದೊಂದು ಮಠವಿತ್ತು. ಅಲ್ಲಿನ ಮಂತ್ರವಾದಿಗಳಿಗೆ ಮದುವೆಯಾಗಲು ಅಡ್ಡಿಯಿಲ್ಲ. ಹೆಂಡತಿ ಸೋಮವಾರ ಉಪವಾಸವಿದ್ದರೆ ಗಂಡನ ಮಂತ್ರಕ್ಕೆ ಬಲ. ಕುಪ್ಪೇಲೂರಿನಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವಳೊಬ್ಬಳು ಕೆಲಸಕ್ಕೆ ಬರುತ್ತಿದ್ದಳು, ಮಾತಿನಲ್ಲಿ ಅವಳನ್ನು ಗೆಲ್ಲುವವರಿರಲಿಲ್ಲ. ಅವಳು ತಕರಾರು ತೆಗೆದಳು: “ಅಲ್ರಿ ಅಕ್ಕಾರ, ನಮ್ಮೂರ ಅಯ್ಯನೋರ ಮಠದಾಗ ಹೆಂಡ್ತಿ ಮಕ್ಕಳು ಎಲ್ಲಾ ಅದಾರ. ದೇವರಗುಡ್ಡದ ಗೊರವಯ್ಯಗೂ ಹೆಂಡ್ತಿ ಅದಾಳ. ಅವರ ಮಂತ್ರ ಕರಗಂಗಿಲ್ಲ, ಈ ಬಡಪಾಯಿಗಳದ ಅಷ್ಟ ಯಾಕ ಕರಗತೈತಿ?”

ಅಕ್ಕ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಎಸೆದು ಹೇಳಿದಳು: “ಗೊರವಯ್ಯಗ ರೊಟ್ಟಿ ಬಡದು ಹಾಕಾಕ ಹೆಂಡ್ತಿ ಅದಾಳ, ಅದಕ್ಕ ಆತಗ ಮಂತ್ರ ಹೇಳಾಕ ಪುರಸೊತ್ತು. ಹೆಂಗಸು ಲಗ್ನಾ ಮಾಡ್ಕೊಂಡ್ರ ರೊಟ್ಟಿ ಬಡೀತಾಳೋ, ಮಂತ್ರ ಹೇಳ್ತಾಳೋ?”

ಚಪ್ಪರವೇ ಹಾರಿ ಹೋಗುವಂತೆ ಹೂಂ ಬಂತು. ಎಲ್ಲರಿಗಿಂತ ಜೋರಾಗಿ ಅಂದವರು ನಮ್ಮ ಅತ್ತೆ. ಮಗಳನ್ನು ‘ತಂಗೀ’ ಎಂದೇ ಕರೆಯುತ್ತಿದ್ದ ಅವರು ಸೊಂಟ ನೋವೆಂದು ಗೋಡೆಗೆ ಒರಗಿ ಕೂತಿರುತ್ತಿದ್ದರು, ಕತೆಯ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಮೈನೆರೆಯುವ ಮೊದಲೇ ಮದುವೆಯಾಗಿ ಈ ಮನೆಗೆ ಬಂದವರು. ಮಾವನವರನ್ನು ನಾನು ನೋಡಿಲ್ಲ, ಫೋಟೋ ನೋಡಿದ್ದೇನೆ. ಫೋಟೋದಲ್ಲೂ ಅವರಿಗೆ ಸಿಟ್ಟು ಬಂದಿತ್ತು. ತಾಟು ಎಸೆಯುವುದು, ಸರಿ ರಾತ್ರಿಗೆ ಹೊರಗೆ ದಬ್ಬುವುದು, ಎಲ್ಲ ಇತ್ತಂತೆ. ಅತ್ತೆ ಅದನ್ನು ಎಂದೂ ಹೇಳಿಕೊಂಡವರಲ್ಲ, ಬೇರೆಯವರಿಂದ ನನಗೆ ತಿಳಿದದ್ದು. ಆ ಮನುಷ್ಯನ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದರು.

ಆಗ ರಾಣೆಬೆನ್ನೂರಿನ ಬೀಜದ ಅಂಗಡಿಯವರೊಬ್ಬರು ನಮ್ಮಲ್ಲಿಗೆ ಬರತೊಡಗಿದರು. ಬೀಜಕ್ಕೆಂದು ಒಳ್ಳೆಯ ಕಾಯಿ ಆರಿಸಿಕೊಳ್ಳಬೇಕು, ಅದಕ್ಕೆ ತೊಟ್ಟು ಮುರಿಯುವ ಮೊದಲೇ ರಾಶಿಯ ಮುಂದೆ ಕೂರಬೇಕು. ನಲವತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನನ್ನ ಅಪ್ಪನಿಗೆ ಮೊದಲಿನಿಂದ ಗುರುತು. ಬುಟ್ಟಿಯೊಂದನ್ನು ಬೋರಲು ಹಾಕಿ ಕೂತು, ಒಂದೊಂದೇ ಕಾಯಿಯನ್ನು ಬೆಳಕಿಗೆ ಹಿಡಿದು ನೋಡುವರು. ಹೆಂಗಸರ ಕಡೆ ಕಣ್ಣು ಎತ್ತುತ್ತಿರಲಿಲ್ಲ. ಒಂದು ದಿನ ಅಕ್ಕ ಕತೆ ಹೇಳುತ್ತಿರುವಾಗ ಗಾಳಿ ಎದ್ದು ಘಾಟು ಹಾರಿತು, ನಾವೆಲ್ಲ ಸೀನುತ್ತ ಕೆಮ್ಮುತ್ತ ಕೂತೆವು. ಹೂಂ ಅನ್ನುವವರಿಲ್ಲದೆ ಅಕ್ಕ ನಿಂತುಬಿಟ್ಟಳು. ಮೂಲೆಯಿಂದ ಇವರು ಗಂಭೀರವಾಗಿ “ಹೂಂ” ಅಂದರು.

ಅಕ್ಕ ಮೂಗಿನ ಸೆರಗು ತೆಗೆದು ನಕ್ಕಳು. ಅವಳ ಹಲ್ಲು ಅಷ್ಟು ಚೆಂದ ಇವೆಯೆಂದು ನನಗೆ ಗೊತ್ತಾದದ್ದೇ ಅವತ್ತು.

ಆಮೇಲೆ ಬೀಜದವರಿಗೆ ಬ್ಯಾಡಗಿಯ ಕಾಯಿ ಬಹಳ ಹಿಡಿಸಿಬಿಟ್ಟಿತು. ಪೇಟೆಯ ದಿನ ಬಂತೆಂದರೆ ಹಾಜರು. ನಡುನಡುವೆ ಪ್ರಶ್ನೆ ಕೇಳುವ ಧೈರ್ಯವೂ ಬಂತು. “ಆ ಹುಣಸಿಮರಕ್ಕ ಯಾರಾದ್ರೂ ನೀರ ಹಾಕ್ತಾರೇನ್ರಿ?” ಎಂದು ಕೇಳಿದ್ದರು ಒಮ್ಮೆ. ಬೀಜ ಮಾರುವವರ ಚಿಂತೆ! ಮರುದಿನದ ಕತೆಯಲ್ಲಿ ಹುಣಸೆಮರಕ್ಕೆ ನೀರು ಹಾಕಲು ಒಬ್ಬ ಮುದುಕಿ ನೇಮಕವಾದಳು. ನಾನು ಅಕ್ಕನ ಮುಖ ನೋಡಿ ನಕ್ಕೆ, ಅವಳು ನೋಡದವಳಂತೆ ಮಾಡಿದಳು.

ಸುಗ್ಗಿ ಮುಗಿಯುವ ಹೊತ್ತಿಗೆ ಅವರು ನನ್ನನ್ನು ಒಬ್ಬಳನ್ನೇ ಕಂಡು ಹೇಳಿದರು: “ನೋಡವ್ವಾ, ನೀ ನಮ್ಮ ಓಣಿ ಮಗಳು. ನಿಮ್ಮ ಅಕ್ಕಾರಿಗೆ ಕೇಳಿ ನೋಡು. ಅವರು ಹೂಂ ಅಂದ್ರ ನಾ ಹಿರೇರನ್ನ ಕರಕೊಂಡು ಬರ್ತೇನಿ. ಇಲ್ಲಂದ್ರ ಈ ಮಾತು ನಾ ಆಡೇ ಇಲ್ಲ ಅಂತ ತಿಳಿ.”

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ಬಟ್ಟೆ ಒಣಹಾಕುತ್ತಿದ್ದಳು, ಅಲ್ಲೇ ಹೋಗಿ ಹೇಳಿದೆ. ಅವಳು ಹಿಂಡಿದ ಸೀರೆಯನ್ನೇ ಮತ್ತೆ ಹಿಂಡಿದಳು. “ನಿನಗ ಹೇಳಿದ್ರೇನು? ಅವರ ಬಾಯಿಲೇನ?” ಅಂತ ಕೇಳಿದಳು. ಹೌದೆಂದೆ. ಕೊನೆಗೆ, “ಅವ್ವಗ ಹೇಳಬ್ಯಾಡ. ನನ್ನ ಆಣಿ ಐತಿ. ನಾ ಕೇಳ್ತೇನಿ” ಅಂದಳು. ನಾನು ಆಣೆ ಮಾಡಿದೆ. ಖುಷಿಯಲ್ಲಿ ಮಾಡುವ ಆಣೆಯ ಭಾರ ಆಗ ತಿಳಿಯುವುದಿಲ್ಲ.

ಕೇಳುತ್ತೇನೆ ಎಂದರೆ ಅಡಿಗೆಮನೆಯಲ್ಲಿ ಅತ್ತೆಯ ಪಕ್ಕ ಕೂತು ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಮರುದಿನ, ಚಪ್ಪರದಲ್ಲಿ, ಎಲ್ಲರ ಮುಂದೆ, ಮೋಡಗುಡ್ಡದ ಬಾಯಿಯಿಂದ.

ಮಠದಲ್ಲಿ ಗಾಳಿ ಕರೆಯುವವಳು ಒಬ್ಬಳಿದ್ದಳು. ಕತೆಯ ಮೊದಲಿನಿಂದ ಇದ್ದವಳು, ನಮಗೆಲ್ಲರಿಗೂ ಬೇಕಾದವಳು. ಅವತ್ತು ಅಕ್ಕ ಹೇಳಿದಳು: ಹೊಳೆಯ ಈಚೆಯಿಂದ ಒಬ್ಬ ಬಂದ. ಅವನು ಮಂತ್ರವಾದಿಯಲ್ಲ, ಗಿಡ ನೆಡುವವನು. ಗಾಳಿಯವಳನ್ನು ಮದುವೆಯಾಗುತ್ತೇನೆ ಅಂದ. ಗಾಳಿಯವಳು ಮಠದ ಹಿರಿಯವ್ವನ ಹತ್ತಿರ ಹೋಗಿ ಕೇಳಿದಳು: “ಅವ್ವಾ, ನನ್ನ ಮಂತ್ರ ಹೋದ್ರ ಹೋಗ್ಲಿ. ನಾ ಇಳಿದು ಹೋಗ್ಲೇನು?”

ಹೆಂಗಸರು ಕೈಯ ಕೆಲಸ ಬಿಟ್ಟು ಕಿವಿಗೊಟ್ಟರು. ಅಕ್ಕ ಮುಂದುವರಿಸಿದಳು: “ಹಿರಿಯವ್ವ ಆಕಿ ತಲಿ ಮ್ಯಾಲೆ ಕೈ ಇಟ್ಟು, ಹೋಗು ಮಗಳ, ಚಲೋತ್ನಂಗ ಇರು ಅಂದ್ಲು.”

ಅಷ್ಟು ಹೇಳಿ ನಿಲ್ಲಿಸಿದಳು. ಅವಳ ಕಣ್ಣು ಅತ್ತೆಯ ಮೇಲಿತ್ತು.

ಯಾರೂ ಹೂಂ ಅನ್ನಲಿಲ್ಲ. ನಾನು ಅಂದೆ, ಗಟ್ಟಿಯಾಗಿಯೇ ಅಂದೆ. ಸೊಸೆಯ ಹೂಂ ಯಾವ ಲೆಕ್ಕ! ಕುಪ್ಪೇಲೂರಿನವಳು, “ಏ, ಇದೇನ್ರಿ ಅಕ್ಕಾರ, ಕತಿ ಕೆಡಿಸಿದ್ರೆಲ್ಲ!” ಅಂದಳು. ಅವಳ ಗಂಡ ಹಿಂದಿನ ದಿನವಷ್ಟೇ ಅವಳ ಕೈ ತಿರುಚಿದ್ದ, ಬಾವು ಇನ್ನೂ ಇಳಿದಿರಲಿಲ್ಲ. ಇನ್ನೊಬ್ಬಳು ಗಿಡ ನೆಡುವವನ ಮೇಲೆ ನಾಯಿ ಬಿಡಿಸಬೇಕೆಂದಳು. ನಾನು ಅತ್ತೆಯ ಕಡೆ ನೋಡಿದೆ, ಇವರೊಬ್ಬರಾದರೂ ಅನ್ನಲಿ ಎಂದು ಮನೆದೇವರನ್ನು ನೆನೆದೆ.

ಅತ್ತೆ ಗೋಡೆ ಬಿಟ್ಟು ನೆಟ್ಟಗೆ ಕೂತರು. “ಬ್ಯಾಡ ತಂಗೀ, ಅಳಿಸು ಅದನ್ನ” ಅಂದರು. “ಗಂಡನ ಕಾಟ ಇಲ್ಲದ್ದ ಒಂದ ಜಾಗಾ ಇರಲಿ ಬಿಡು. ಅಲ್ಲೂ ಲಗ್ನಾ ಹಚ್ಚಬ್ಯಾಡ.”

ಎಲ್ಲರೂ ನಕ್ಕರು, ಹೌದೌದೆಂದರು. ತಪ್ಪು ಯಾರದೆಂದು ಹೇಳಲಿ? ಅಲ್ಲಿ ಕೂತವರಲ್ಲಿ ಗಂಡನಿಲ್ಲದ ಮೂಲೆಯೊಂದು ಬೇಕಾಗಿರದ ಹೆಂಗಸೇ ಇರಲಿಲ್ಲ. ಅವರಿಗೆ ದಿನಕ್ಕೆ ಅರ್ಧ ಹೊತ್ತು ಸಿಗುತ್ತಿದ್ದ ಗುಡ್ಡ ಅದು. ಆ ಗುಡ್ಡದಲ್ಲಿ ಇಷ್ಟು ವರ್ಷ ಒಬ್ಬಳೇ ಬಿದ್ದುಕೊಂಡಿದ್ದವಳಿಗೆ ಕೆಳಗಿಳಿಯುವ ಮನಸ್ಸಿದ್ದೀತು ಎಂದು ಹೊಳೆಯಲೇ ಇಲ್ಲ ಅವರಿಗೆ. ನನಗೆ ಅವರೆಲ್ಲರ ಮೇಲೂ ಸಿಟ್ಟು ಬಂತು, ಅಕ್ಕನ ಮೇಲೆ ಇನ್ನೂ ಹೆಚ್ಚು. ಇಂಥ ಮಾತನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ!

ಅಕ್ಕ ಸ್ವಲ್ಪ ಹೊತ್ತು ತೊಟ್ಟು ಮುರಿದಳು. ಆಮೇಲೆ ಮಾಮೂಲಿನ ದನಿಯಲ್ಲಿ, “ಆತು, ಅಳಿಸಿದೆ. ಹಿರಿಯವ್ವ ಬ್ಯಾಡ ಅಂದ್ಲು. ಗಾಳಿಯಾಕಿ ಆತನ್ನ ಹೊಳಿ ತನಕಾ ಕಳಿಸಿ ಬಂದ್ಲು” ಅಂದಳು. ಆಗ ಬಂತು ಹೂಂ, ಎಲ್ಲರ ಬಾಯಿಂದ, ಒಟ್ಟಿಗೆ.

ಸಂಜೆ ನನಗೆ, “ಅವರಿಗೆ ಆಗೂದಿಲ್ಲಂತ ಹೇಳಿಬಿಡು” ಅಂದಳು. ನಾನು ಕೈ ಹಿಡಿದುಕೊಂಡೆ. “ಅಕ್ಕಾರ, ಅತ್ತಿ ಅಂದದ್ದು ಕತಿಗೆ. ನಿಮಗಲ್ರಿ. ಖರೇ ಕೇಳಿ ನೋಡ್ರಿ ಒಮ್ಮೆ.”

“ಕೇಳಿದ್ನೆಲ್ಲ,” ಅಂದಳು ಅವಳು. “ಇನ್ನ ಹೆಂಗ ಕೇಳೂದು?”

ಹೆಚ್ಚು ಮಾತಾಡಿದರೆ ಆಣೆ ನೆನಪಿಸುತ್ತಿದ್ದಳು. ಮುಂದಿನ ಪೇಟೆಯ ದಿನ ಬೀಜದವರಿಗೆ ಹೇಳಿದೆ. ಅವರು ಆರಿಸಿದ್ದ ಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು, “ಹೋಗ್ಲಿ ಬಿಡವ್ವಾ, ಅವರಿಗೆ ಬ್ಯಾಸರ ಆಗಿಲ್ಲಲ್ಲ?” ಎಂದು ಕೇಳಿ ಹೋದರು. ಮತ್ತೆ ಬ್ಯಾಡಗಿಗೆ ಬರಲಿಲ್ಲ. ಅದೇ ವರ್ಷ ನನ್ನ ಅಪ್ಪ ಅವ್ವ ಅಣ್ಣನ ನೌಕರಿಯ ಸಲುವಾಗಿ ಹಾವೇರಿಗೆ ಹೋಗಿಬಿಟ್ಟರು, ನನಗೆ ರಾಣೆಬೆನ್ನೂರಿನ ಸುದ್ದಿ ತಿಳಿಯುವ ದಾರಿಯೂ ಹೋಯಿತು.

ಕತೆ ನಡೆಯಿತು. ಅದರ ಮುಂದಿನ ಸುಗ್ಗಿಯಲ್ಲೂ ನಡೆಯಿತು. ಗಾಳಿಯವಳು ಈಗ ಮೊದಲಿನಂತೆ ತಂಟೆ ಮಾಡುತ್ತಿರಲಿಲ್ಲ, ಹೇಳಿದ ಕೆಲಸ ಮಾಡಿಕೊಂಡಿದ್ದಳು. ಆಮೇಲಿನ ಸುಗ್ಗಿಗೆ ಅಕ್ಕ ಬಾಯಿಯನ್ನೇ ತೆರೆಯಲಿಲ್ಲ. ಕೇಳಿದರೆ, “ಮುಗೀತು. ಇನ್ನೇನೂ ಇಲ್ಲ ಅದರಾಗ” ಅನ್ನುವಳು. ಹೆಂಗಸರು ಗೋಗರೆದರು, ಮುನಿಸಿಕೊಂಡರು, ಕೊನೆಗೆ ಯಾರೋ ಟ್ರಾನ್ಸಿಸ್ಟರ್ ತಂದಿಟ್ಟರು. ಅದಕ್ಕೆ ಹೂಂ ಅನ್ನುವಂತಿರಲಿಲ್ಲ. ತೊಟ್ಟು ಮುರಿಯುವ ಕೆಲಸ ಬರೀ ತೊಟ್ಟು ಮುರಿಯುವ ಕೆಲಸವಾಯಿತು.

ಅತ್ತೆಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ಬೆಳಗ್ಗೆ ನನ್ನನ್ನು ದೇವರಮನೆಗೆ ಕರೆದು, “ಆಕಿಗೆ ಏನಾಗೇತಿ? ನಿನಗ ಗೊತ್ತೈತಿ. ನನ್ನ ಮುಂದ ಮುಚ್ಚಿಡಬ್ಯಾಡ” ಎಂದು ಕೇಳಿದರು. ಅವರ ಮುಖ ನೋಡಿ ನಾನು ಆಣೆ ಮುರಿದೆ. ಮೊದಲಿನಿಂದ ಹೇಳಿದೆ, ಗಿಡ ನೆಡುವವನು ಯಾರೆಂದೂ ಹೇಳಿದೆ. ಅತ್ತೆ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಹಾಗೆಯೇ ಹಿಡಿದುಕೊಂಡು ಕೂತರು. ನಡುವೆ ಒಂದೇ ಮಾತು ಕೇಳಿದರು: “ಆಕಿ ನನ್ನ ಕಡೆ ನೋಡಿ ನಿಲ್ಲಿಸಿದ್ಲೇನು?” ಹೌದು ಅಂದೆ.

ಮರುದಿನ ಅತ್ತೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು, “ನಡೀ, ರಾಣೆಬೆನ್ನೂರಿಗೆ ಹೋಗಿ ಬರೂಣು” ಅಂದರು. ಹೆಣ್ಣಿನ ಕಡೆಯವರು ತಾವಾಗಿ ಹೋಗಿ ಕೇಳುವುದುಂಟೇ, ಅದೂ ನಮ್ಮ ಅತ್ತೆಯಂಥವರು, ಎಂದು ನನಗೆ ಅಚ್ಚರಿ. ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಳ್ಳುತ್ತಿದ್ದರು. “ತಪ್ಪು ನನ್ನದು, ಹುಡುಗಿದಲ್ಲ ಅಂತೇನಿ. ಕೈ ಮುಗೀತೇನಿ. ಏನಾಗತೈತಿ ಮುಗದ್ರ?” ಅಂದರು. ನನಗೂ ಆಸೆ ಹತ್ತಿತು. ಸೊಂಟ ಹಿಡಿದುಕೊಂಡು ಇಡೀ ದಾರಿ ನಿಂತೇ ಬಂದವರ ಹಾಗೆ ದಣಿದಿದ್ದರು, ಆದರೂ ಇಳಿದ ಮೇಲೆ ನನಗಿಂತ ಮುಂದೆ ನಡೆದರು.

ಅಂಗಡಿಯ ಹಿಂದೆಯೇ ಮನೆ. ಬಾಗಿಲು ತೆರೆದದ್ದು ಹಸಿರು ಬಳೆ ತೊಟ್ಟ ಹೆಂಗಸು, ಐದು ತಿಂಗಳೋ ಆರು ತಿಂಗಳೋ ತುಂಬಿದ ಹೊಟ್ಟೆ. “ಬರ್ರಿ, ಕುಂದ್ರಿ. ಯಜಮಾನ್ರು ಅಂಗಡ್ಯಾಗ ಅದಾರ, ಕರೀತೇನಿ” ಎಂದು ಚಾಪೆ ಹಾಸಿದಳು. ಹಿಂದಿನ ವರ್ಷ ದೇವರಗುಡ್ಡದಲ್ಲಿ ನಾಲ್ಕು ಮಂದಿಯ ಮುಂದೆ ಮದುವೆಯಾಗಿತ್ತಂತೆ. ತವರು ಕುಪ್ಪೇಲೂರಂತೆ. ಚಹಾ ಕೊಟ್ಟಳು, ಅತ್ತೆಯ ಬೆನ್ನಿಗೆ ದಿಂಬು ಕೊಟ್ಟಳು. ಬೀಜದವರು ಬಂದು ನಮ್ಮನ್ನು ಕಂಡು ಬಾಗಿಲಲ್ಲೇ ನಿಂತರು. ಅತ್ತೆ ಅವರ ಕಡೆ ನೋಡದೆ, “ಹೀರೀ ಬೀಜ ಬೇಕಾಗಿತ್ತು” ಅಂದರು. ಅವರು ಒಳ್ಳೆಯದನ್ನೇ ಆರಿಸಿ ಕಟ್ಟಿಕೊಟ್ಟರು, ಅಕ್ಕನ ಸುದ್ದಿ ಕೇಳಲಿಲ್ಲ. ಹೊರಡುವಾಗ ಅತ್ತೆ ಆ ಹುಡುಗಿಯ ತಲೆ ಮುಟ್ಟಿ ಹರಸಿದರು.

ನಾವು ಬಂದಾಗ ಕೆಲಸದವರು ಹೋಗಿಯಾಗಿತ್ತು, ಅಕ್ಕ ಒಬ್ಬಳೇ ಚಪ್ಪರ ಗುಡಿಸುತ್ತಿದ್ದಳು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. “ಬೀಜ ತರಾಕ” ಅಂದರು ಅತ್ತೆ. ಅಕ್ಕ ಅತ್ತೆಯ ಇಳಕಲ್ ಸೀರೆ ನೋಡಿದಳು, ನನ್ನ ಮುಖ ನೋಡಿದಳು, ಪೊರಕೆಯನ್ನು ಗೋಡೆಗೆ ಆನಿಸಿದಳು.

“ಅವರ ಹೆಂಡ್ತಿ ಹೆಂಗದಾಳ ಬೇ?” ಎಂದು ಕೇಳಿದಳು.

ನಮ್ಮ ಚಪ್ಪರದ ಕುಪ್ಪೇಲೂರಿನವಳು ಹಿಂದಿನ ವರ್ಷವೇ ತನ್ನ ಊರಿನ ಆ ಹುಡುಗಿಯ ಮದುವೆಯ ಸುದ್ದಿಯನ್ನು ಅಕ್ಕನಿಗೆ ಹೇಳಿದ್ದಳಂತೆ. ಆ ಮಾತು ಯಾರ ಎದೆಗೆ ತಾಗುತ್ತದೆಂದು ಆ ಬಾಯಿಬಡಕಿಗೆ ತಿಳಿದಿರಲಿಲ್ಲ.

“ಚಲೋ ಅದಾಳ,” ಅಂದರು ಅತ್ತೆ. ಆಮೇಲೆ ಚಪ್ಪರದ ಕಂಬ ಹಿಡಿದುಕೊಂಡು ಅತ್ತರು. “ನನ್ನ ಬಾಜೂಕ ಕುಂತು ಕೇಳಬಾರದಿತ್ತೇನ ತಂಗೀ? ಕತಿಯೊಳಗ ಕೇಳಿದ್ರ ನನಗ ಹೆಂಗ ತಿಳೀಬೇಕು?”

“ಬಾಜೂಕ ಕುಂತು ಕೇಳಿದ್ರ ಮಗಳ ಮಾರಿ ನೋಡಿ ಹೂಂ ಅಂತಿದ್ದಿ,” ಅಂದಳು ಅಕ್ಕ. “ನನಗ ನಿನ್ನ ಮನಸಿನಾಗ ಇದ್ದದ್ದು ಬೇಕಾಗಿತ್ತವ್ವಾ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮಗಳನ್ನೇ ನೋಡಿದರು. “ನನ್ನ ಮನಸಿನಾಗ ನಿಮ್ಮಪ್ಪ ಇದ್ದ,” ಅಂದರು. “ನಾ ಆವತ್ತು ಬ್ಯಾಡ ಅಂದದ್ದು ನನ್ನ ಮದುವಿಗೆ, ತಂಗೀ. ನಿನ್ನ ಮದುವಿಗಲ್ಲ.”